ಬಲೆ ಶೆಡ್ಡಿನಲ್ಲಿ ತಿದ್ದಿದ ಪುಸ್ತಕ

ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಇರುವ ಎರಡು ತಿಂಗಳೇ ನನಗೆ ಬರೆಯುವ ಕಾಲ. ಉಳಿದ ತಿಂಗಳುಗಳಲ್ಲಿ ಬೋಟಿನ ಮೇಲೆ ಬಲೆ ಎಳೆದ ಬೆರಳು ಪೆನ್ನಿಗೆ ಬಗ್ಗುವುದಿಲ್ಲ. ಹೀಗೆ ನಾಲ್ಕು ಮಳೆಗಾಲ ಕೂತು ನನ್ನ ಕಡಲಿನ ಬದುಕನ್ನು ಬರೆದು, ಉಡುಪಿಯ ಪ್ರಕಾಶಕರೊಬ್ಬರಿಗೆ ಕೊಟ್ಟೆ. ವರ್ಷ ಕಳೆದು ಹಸ್ತಪ್ರತಿ ವಾಪಸು ಬಂತು, ಜೊತೆಗೆ ಒಂದು ಸಾಲು: ‘ಭಾಷೆ ಚೆನ್ನಾಗಿದೆ, ಆದರೆ ಓದಿಸಿಕೊಂಡು ಹೋಗುವುದಿಲ್ಲ.’

ಮೈಯೆಲ್ಲ ಉರಿದುಹೋಯಿತು. ನಾನೇ ಅಚ್ಚು ಹಾಕಿಸುತ್ತೇನೆ, ಈ ನಿಷೇಧ ಮುಗಿದು ಬೋಟ್ ಹೊರಡುವ ಮೊದಲು ಪುಸ್ತಕ ತರುತ್ತೇನೆ ಎಂದು ಉಚ್ಚಿಲದಿಂದ ಕಾಪು ಪೇಟೆಯವರೆಗೆ ಸಾರಿಬಿಟ್ಟೆ. ಸಾರಿದ್ದೇ ತಪ್ಪಾಯಿತು. ಬಸ್ಸಿಗೆ ಕಾಯುವಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಹೋದರೂ ‘ಪುಸ್ತಕ ಎಂತ ಆಯ್ತು ಮಾರಾಯ?’ ಇನ್ನು ಅದು ಬಾರದಿದ್ದರೆ ನಾನು ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ನಿಷೇಧ ಎಂದರೆ ರಜೆಯಲ್ಲ. ಕಡಲ ಬದಿಯ ಶೆಡ್ಡಿನಲ್ಲಿ ಕೂತು ಹರಿದ ಬಲೆ ಸರಿಮಾಡಬೇಕು. ಅಲ್ಲಿ ಐದಾರು ಮಂದಿ, ಅವರಿಗೆ ಹಿರಿಯರು ನಮ್ಮ ಬೋಟ್ ನಡೆಸುವ ತಾಂಡೇಲ, ಅಂದರೆ ನನ್ನ ದೊಡ್ಡಪ್ಪ. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ದಿನ ದೊಡ್ಡಪ್ಪ, “ಎಂತದೋ ಬರೆದದ್ದು ಉಂಟಲ್ಲ, ಅದನ್ನು ಓದು. ಹೇಗೂ ರೇಡಿಯೋ ಹಾಳಾಗಿ ಉಂಟು” ಎಂದರು. ನನ್ನ ಸಾಹಿತ್ಯಕ್ಕೆ ಸಿಕ್ಕ ಮೊದಲ ಆಹ್ವಾನ ಅದು.

ಸೂರ್ಯಾಸ್ತದ ವರ್ಣನೆ ಓದಿದೆ, ಎರಡು ಪುಟ. ಎಲ್ಲರ ಕೈಗಳೂ ಬಲೆಯ ಮೇಲೆ ಸರಸರನೆ ಓಡುತ್ತಿದ್ದವು. ಐಸ್ ಸಾಲದೆ ಮೀನು ಹಾಳಾಗಿ ನಾವೆಲ್ಲ ಒಬ್ಬರಿಗೊಬ್ಬರು ಬೈದುಕೊಂಡದ್ದನ್ನು ಓದಿದೆ. ಕೈಗಳು ನಿಂತವು! ಮರುದಿನದಿಂದ ಪೆನ್ಸಿಲ್ ಹಿಡಿದು ಕೂತೆ. ಕೈ ನಿಂತ ಭಾಗ ಉಳಿಯಿತು, ಕೈ ಓಡಿದ ಭಾಗಕ್ಕೆ ಅಡ್ಡಗೀಟು. ಪುಸ್ತಕದಲ್ಲಿ ಐದು ಸೂರ್ಯಾಸ್ತಗಳಿದ್ದವು, ಒಂದೂ ಉಳಿಯಲಿಲ್ಲ. ಬೋಟಿನ ಮಾಲಕರು ಬಂದು, “ಇದೆಂತ, ಬಲೆ ನಿನ್ನೆ ಇದ್ದಲ್ಲೇ ಉಂಟು!” ಎಂದು ಸಿಡುಕಿದರೆ ನನಗೆ ಒಳಗೊಳಗೇ ಖುಷಿ.

ನನಗೆ ಭಾರೀ ಹೆಮ್ಮೆಯಿದ್ದ ಅಧ್ಯಾಯ ಬಿರುಗಾಳಿಯದ್ದು. ಇಂಜಿನ್ ಕೆಟ್ಟು ಒಂದಿಡೀ ದಿನ ತೇಲುತ್ತಿದ್ದಾಗ ನಾನು ಎದೆಗುಂದದೆ ಎಲ್ಲರಿಗೂ ಧೈರ್ಯ ತುಂಬಿದೆ ಎಂದು ಬರೆದಿದ್ದೆ. ಧ್ವನಿ ಏರಿಸಿ ಓದಿದೆ. ಒಂದು ಕೈಯೂ ನಿಲ್ಲಲಿಲ್ಲ.

“ನೀನು ಮೂಲೆಯಲ್ಲಿ ಮುದುಡಿ ಕೂತು ‘ಅಮ್ಮಾ’ ಅಂತ ಅತ್ತದ್ದು ಯಾವ ಪುಟದಲ್ಲಿ ಉಂಟು?” ದೊಡ್ಡಪ್ಪ ಬಲೆಯಿಂದ ಕಣ್ಣೆತ್ತದೆ ಕೇಳಿದರು.

ಶೆಡ್ಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, “ಅದೆಲ್ಲ ಪುಸ್ತಕಕ್ಕೆ ಬೇಡ” ಎಂದೆ.

“ನಾನೂ ಹೆದರಿದ್ದೆ ಮಾರಾಯ. ತಾಂಡೇಲ ಅಂತ ತೋರಿಸಲಿಲ್ಲ, ಅಷ್ಟೆ. ಅದನ್ನೂ ಬರಿ,” ಎಂದರು ದೊಡ್ಡಪ್ಪ. ಈಗ ಯಾರೂ ನಗಲಿಲ್ಲ.

ಎರಡು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಅವಮಾನವಾಗಿತ್ತು, ಪುಸ್ತಕವೇ ಬೇಡ ಅನ್ನಿಸಿತ್ತು. ಮೂರನೆಯ ದಿನ ನನ್ನ ಅಳು, ದೊಡ್ಡಪ್ಪನ ಹೆದರಿಕೆ ಎರಡನ್ನೂ ಇದ್ದ ಹಾಗೆಯೇ ಬರೆದೆ. ಬರೆಯುವಾಗ ಮತ್ತೆ ಅತ್ತೆ. ಕಾರ್ಕಳದಲ್ಲಿರುವ ನನ್ನ ಹೈಸ್ಕೂಲಿನ ಕನ್ನಡ ಟೀಚರ್ ಕರಡು ತಿದ್ದಿಕೊಟ್ಟರು. “ಕಾಗುಣಿತ ನನಗೆ ಬಿಡು. ಈ ಅಧ್ಯಾಯವನ್ನು ಮಾತ್ರ ಇನ್ನು ಮುಟ್ಟಬೇಡ” ಎಂದರು.

ಮಣಿಪಾಲದ ಸಣ್ಣ ಮುದ್ರಣಾಲಯವೊಂದರಲ್ಲಿ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡುತ್ತಾರೆ. ಅವರು ಮುಖಪುಟಕ್ಕೆ ಕಾಪುವಿನ ದೀಪಸ್ತಂಭ ಹಾಕಿದ್ದರು. ನಮ್ಮಲ್ಲಿ ಕ್ಯಾಲೆಂಡರಿಗೂ ಅದೇ, ಅಂಗಡಿಯ ಬೋರ್ಡಿಗೂ ಅದೇ. ಜಗಳ ಮಾಡಿ ಅದನ್ನು ತೆಗೆಸಿ, ದೊಡ್ಡಪ್ಪನ ಎರಡು ಕೈಗಳ ಫೋಟೋ ಹಾಕಿಸಿದೆ.

ಬೋಟ್ ಹೊರಡುವ ಹಿಂದಿನ ದಿನ ಮಧ್ಯಾಹ್ನ ಪುಸ್ತಕ ಸಿಕ್ಕಿತು. ಬಸ್ಸಿನಲ್ಲಿ ಉದ್ಯಾವರದವರೆಗೆ ಹೇಗೋ ತಡೆದುಕೊಂಡೆ, ಆಮೇಲೆ ಕಟ್ಟು ಬಿಚ್ಚಿಯೇಬಿಟ್ಟೆ. ನೇರ ಶೆಡ್ಡಿಗೆ ಹೋದೆ. ಬಲೆಯ ಕೊನೆಯ ತುಂಡು ಬಾಕಿ ಇತ್ತು. ತಿದ್ದಿದ ಬಿರುಗಾಳಿಯನ್ನು ಅವರು ಇನ್ನೂ ಕೇಳಿರಲಿಲ್ಲ. ನಿಂತುಕೊಂಡೇ ಓದತೊಡಗಿದೆ. ಮೊದಲ ಪುಟಕ್ಕೇ ದೊಡ್ಡಪ್ಪನ ಕೈ ನಿಂತಿತು. ಆಮೇಲೆ ಎಲ್ಲರದ್ದೂ ನಿಂತಿತು.

ಮಾಲಕರು ಬಂದರು. ಬೈಯಲು ಬಾಯಿ ತೆರೆದವರು ಬಾಗಿಲಲ್ಲೇ ನಿಂತರು, ಆಮೇಲೆ ಬಲೆಯ ರಾಶಿಯ ಮೇಲೆ ಕೂತರು. ನಾನು ನೀರು ಕುಡಿಯಲು ನಿಲ್ಲಿಸಿದೆ.

“ನಿಲ್ಲಿಸಬೇಡ, ಓದು ಮಾರಾಯ! ಇಂಜಿನ್ ಸರಿಯಾಯ್ತಾ ಇಲ್ವಾ?” ಎಂದರು ಮಾಲಕರು.

ಅದು ಅವರದೇ ಬೋಟ್. ಇಂಜಿನ್ ಸರಿಯಾಗಿ ನಾವೆಲ್ಲ ದಡ ಸೇರಿದ್ದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನೀರು ಅಲ್ಲೇ ಬಿಟ್ಟು ಮುಂದೆ ಓದಿದೆ.

ಬಲೆ ಆ ದಿನ ಮುಗಿಯಲಿಲ್ಲ. ಮರುದಿನ ಎಲ್ಲರ ಬೋಟ್‌ಗಳೂ ಹೊರಟವು, ನಮ್ಮದೊಂದು ಉಳಿಯಿತು. ಪಕ್ಕದ ಬೋಟಿನವರು, “ಎಂತ, ನೀವು ಹೊರಡುವುದಿಲ್ವಾ?” ಎಂದು ಕೂಗಿ ಕೇಳಿದರು.

“ನಾಳೆ ಹೊರಡುವುದು,” ಎಂದು ಮಾಲಕರು ತಿರುಗಿ ಕೂಗಿದರು. “ನಿನ್ನೆ ನಮಗೆ ಪುಸ್ತಕ ಓದಲಿಕ್ಕಿತ್ತು.”