ಉತ್ತರಕ್ಕೆ ತಲೆ ಹಾಕಿದ ಭೂಪಟ

ನಮ್ಮ ಪಕ್ಕದ ಮನೆಯವರು ಒಂದು ವಾರದಿಂದ ದಕ್ಷಿಣದ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಿ, ಪೂರ್ವದ ಗೋಡೆ ಒಡೆಸಿ ಹೊಸ ಬಾಗಿಲು ಇಡಿಸುತ್ತಿದ್ದಾರೆ. ಅವರ ಮಗನಿಗೆ ಹೆಣ್ಣು ಸಿಗದಿರುವುದಕ್ಕೆ ಹಳೆಯ ಬಾಗಿಲೇ ಕಾರಣವಂತೆ. ಆ ಹುಡುಗನ ಜೊತೆ ಹತ್ತು ನಿಮಿಷ ಮಾತಾಡಿದವರು ಯಾರೂ ಬಾಗಿಲಿನ ಮೇಲೆ ತಪ್ಪು ಹೊರಿಸಲಾರರು. ಇರಲಿ, ಅವರ ಮನೆ, ಅವರ ಗೋಡೆ. ನನಗೆ ತೊಂದರೆ ಕೊಟ್ಟಿದ್ದು ವಾರ್ನಿಷ್ ವಾಸನೆ. ಮೊನ್ನೆ ಬಡಗಿ ಆ ಬಾಗಿಲಿಗೆ ವಾರ್ನಿಷ್ ಬಳಿಯುತ್ತಿದ್ದಾಗ ನಾನು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಐದನೇ ಕ್ಲಾಸಿನ ಗೋಡೆ ಕಣ್ಣ ಮುಂದೆ ಬಂದು ನಿಂತಿತು.

ಐದನೇ ಕ್ಲಾಸು ಅಂದಕೂಡಲೇ ನನ್ನನ್ನು ಓದಿದವಳೆಂದು ತಿಳಿಯಬೇಡಿ. ನಾನು ಓದಿದ್ದು ನಾಲ್ಕರವರೆಗೆ. ಐದನೇ ಕ್ಲಾಸಿಗೆ ಕಾಲಿಟ್ಟಿದ್ದು ಐವತ್ತು ದಾಟಿದ ಮೇಲೆ, ಕೈಯಲ್ಲಿ ಪೊರಕೆ ಹಿಡಿದು. ಮೈಸೂರಿನ ವಿದ್ಯಾರಣ್ಯಪುರದ ಕಡೆ, ರೈಲುಕಂಬಿಯ ಪಕ್ಕದಲ್ಲಿ ಒಂದು ಖಾಸಗಿ ಶಾಲೆ. ಅಲ್ಲಿ ನಾನು ಆಯಾ. ಹನ್ನೊಂದು ಕೋಣೆ ಗುಡಿಸುವುದು, ನೀರು ತುಂಬುವುದು, ವಾಂತಿ ಮಾಡಿಕೊಂಡ ಮಕ್ಕಳ ಬಾಯಿ ತೊಳೆಯುವುದು. ಮಕ್ಕಳೂ ಮೇಷ್ಟರುಗಳೂ ನನ್ನನ್ನು ಆಯಮ್ಮ ಅನ್ನುತ್ತಿದ್ದರು. ನನಗೊಂದು ಹೆಸರಿತ್ತು, ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಐದನೇ ಕ್ಲಾಸಿನ ಗೋಡೆಯಲ್ಲಿ ಮೈಸೂರು ಜಿಲ್ಲೆಯ ಭೂಪಟ ನೇತಾಡುತ್ತಿತ್ತು. ಬಟ್ಟೆಗೆ ಅಂಟಿಸಿ ವಾರ್ನಿಷ್ ಬಳಿದದ್ದು, ಮೇಲೊಂದು ಕೆಳಗೊಂದು ಮರದ ಕೋಲು. ಆಳೆತ್ತರ ಇತ್ತು. ದಿನಾ ಅದರ ಧೂಳು ಹೊಡೆಯುವವಳು ನಾನು. ಕೆ.ಆರ್. ನಗರದಿಂದ ಶುರು ಮಾಡಿದರೆ ನಂಜನಗೂಡಿಗೆ ಬಂದು ಬಗ್ಗಿದ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಇಡೀ ಜಿಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹೆಂಗಸು ನಾನೊಬ್ಬಳೇ ಇರಬೇಕು.

ಆ ಭೂಪಟದಲ್ಲಿ ನನಗೆ ಒಂದು ಅನುಮಾನ ಇತ್ತು. ನನ್ನ ತವರು ನಂಜನಗೂಡಿನಿಂದಾಚೆ, ಕಪಿಲೆಯ ದಡದ ಮೇಲೆ. ಅಲ್ಲಿಂದ ಹೊಳೆ ಟಿ. ನರಸೀಪುರಕ್ಕೆ ಹೋಗಿ ಕಾವೇರಿಗೆ ಸೇರುತ್ತದೆ. ಗೋಡೆಯ ಮೇಲೆ ನೋಡಿದರೆ ನಂಜನಗೂಡು ಕೆಳಗೆ, ನರಸೀಪುರ ಮೇಲೆ. ಅಂದರೆ ಕಪಿಲೆ ಹಲ್ಲಿಯ ಹಾಗೆ ಗೋಡೆ ಹತ್ತುತ್ತಿದ್ದಳು. ಆ ಹೊಳೆಯಲ್ಲಿ ಎಮ್ಮೆ ತೊಳೆದವಳು ನಾನು, ನೀರು ಏರಿ ಹೋದದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಆದರೆ ಅಚ್ಚು ಹಾಕಿದವರು ಓದಿದವರು. ಓದಿದವರ ಹೊಳೆ ಹತ್ತುತ್ತದೇನೋ ಅಂದುಕೊಂಡು ಒರೆಸಿ ಮುಂದೆ ಹೋಗುತ್ತಿದ್ದೆ.

ಆ ವರ್ಷ ನಾಗವೇಣಿ ಮಿಸ್ ಅಂತ ಒಬ್ಬಳು ಬಂದಳು. ಇಲವಾಲದ ರೈತರ ಮನೆಯ ಹುಡುಗಿ, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಭೂಗೋಳ ಅವಳ ಪಾಲಿಗೆ ಬಿತ್ತು. ಒಂದು ವರ್ಷಕ್ಕೆ ಮಾತ್ರ ಕೆಲಸ. ಪಾಠ ನೋಡಿ ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಮಾರ್ಚಿಗೆ ಮನೆಗೆ. ಮನೆಗೆ ಅಂದರೆ ಮನೆಗೂ ಅಲ್ಲ. ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವನ್ನು ಅವಳ ಅಪ್ಪ ಆಗಲೇ ನೋಡಿಟ್ಟಿದ್ದ. ಅವಳಿಗೆ ಅದು ಬೇಡವಾಗಿತ್ತು. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು, "ನಂಗೆ ಪಾಠ ಮಾಡೋದೊಂದೇ ಬರೋದು ಆಯಮ್ಮ" ಅನ್ನುತ್ತಿದ್ದಳು. ಅದೂ ಬರುತ್ತದೋ ಇಲ್ಲವೋ ಅಂತ ನನಗೆ ಮೊದಮೊದಲು ಗುಮಾನಿ ಇತ್ತು, ಯಾಕೆಂದರೆ ಅವಳು ಮಕ್ಕಳನ್ನು ಹೊಡೆಯುತ್ತಿರಲಿಲ್ಲ.

ಒಂದು ದಿನ ಅವಳು ಕ್ಲಾಸಿನಲ್ಲಿ, "ಉತ್ತರ ದಿಕ್ಕು ಎಲ್ಲಿದೆ ತೋರ್ಸಿ" ಅಂದಳು. ನಲವತ್ತು ಕೈ ಮೇಲೆದ್ದವು. ನಲವತ್ತೂ ಸೂರಿಗೆ ನೆಟ್ಟಿದ್ದವು. "ದಕ್ಷಿಣ?" ಎಲ್ಲರೂ ತಮ್ಮ ತಮ್ಮ ಶೂ ತೋರಿಸಿದರು. "ಪೂರ್ವ?" ಬಲಗೈ. ಒಬ್ಬಳು ಹಿಂದಕ್ಕೆ ತಿರುಗಿ ಕೂತಿದ್ದಳು, ಅವಳ ಪೂರ್ವವೂ ಅವಳ ಜೊತೆ ತಿರುಗಿತ್ತು. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ.

"ನೀವು ತೋರ್ಸಿ ಆಯಮ್ಮ, ನೋಡೋಣ" ಅಂದಳು ಮಿಸ್, ಸ್ವಲ್ಪ ಸಿಟ್ಟಿನಲ್ಲೇ.

"ಅದೇನ್ ಬ್ರಹ್ಮವಿದ್ಯೆನಾ? ಅಗೋ ಬೆಟ್ಟ, ಅದ್ರ ಹಿಂದಿಂದ ಸೂರ್ಯ ಉಟ್ತಾನೆ, ಅದು ಮೂಡ್ಲು. ಅಂಗಾದ್ರೆ ಬಡಗ್ಲು ಇತ್ಲಾಗೆ, ನೀರಿನ ಟ್ಯಾಂಕಿನ್ ಕಡೆ."

ಅವಳು ನನ್ನನ್ನು ನೋಡಿದಳು, ಗೋಡೆಯ ಭೂಪಟ ನೋಡಿದಳು, ಸೂರು ನೋಡಿದಳು. ಆಮೇಲೆ ಬಂದು ನನ್ನ ಹತ್ತಿರ ಹೇಳಿದಳು: "ತಪ್ಪು ಮಕ್ಕಳದಲ್ಲ ಆಯಮ್ಮ. ಮ್ಯಾಪನ್ನ ಗೋಡೆಗೆ ನೇತಾಕ್ಬುಟ್ಟು ಮೇಲ್ಗಡೆ ಉತ್ತರ ಅಂತೀವಿ. ಅವು ಮೇಲ್ಗಡೆ ನೋಡ್ತವೆ. ನೆಲದ ಮೇಲೆ ಹಾಸ್ಬೇಕು, ಅದ್ರ ಉತ್ತರ ನಿಜವಾದ ಉತ್ತರಕ್ಕೆ ಬರೋ ಥರ. ಆಗ ಮ್ಯಾಪಲ್ಲಿ ಊರು ಯಾವ ಕಡೆಗಿದ್ಯೋ ಹೊರಗೂ ಅದೇ ಕಡೆಗಿರುತ್ತೆ."

ಹೆಡ್‌ಮಿಸ್ ಪಾಠ ನೋಡಲು ಬರುವ ದಿನವೇ ಹಾಗೆ ಮಾಡುವುದೆಂದು ನಿಶ್ಚಯ ಮಾಡಿದಳು. ಹೆಡ್‌ಮಿಸ್ ಅಂದರೆ ಎರಡು ಎಂ.ಎ. ಮಾಡಿದವರು. ಅವರ ಮುತ್ತಾತ ಅರಮನೆಯಲ್ಲಿ ಪಂಡಿತರಾಗಿದ್ದರಂತೆ. ಶಾಲೆಗೆ ಹೊಸಬರು ಸೇರಿದರೆ ಈ ವಿಷಯವನ್ನು ಮೊದಲು ತಿಳಿಸುತ್ತಿದ್ದರು, ಬಾತ್‌ರೂಮು ಎಲ್ಲಿದೆ ಎನ್ನುವುದನ್ನು ಆಮೇಲೆ.

ಆ ಶುಕ್ರವಾರ ಮಿಸ್ ಬೇಗ ಬಂದು, ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಭೂಪಟ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಡಸ್ಟರು ಇಟ್ಟು, ಸಹಿ ಹಾಕಲು ಆಫೀಸಿಗೆ ಹೋದಳು. ನಾನು ಗುಡಿಸಲು ಬಂದೆ. ನೋಡುತ್ತೇನೆ, ಇಡೀ ಜಿಲ್ಲೆ ಉತ್ತರಕ್ಕೆ ತಲೆ ಹಾಕಿ ಮಲಗಿದೆ.

ಪೊರಕೆ ಬಿಸಾಕಿ ಭೂಪಟದ ಹತ್ತಿರ ಓಡಿದೆ. ಅವಳು ಮೊದಲೇ ಬಿಡಿಸಿ ಹೇಳಿದ್ದಳಲ್ಲ ಅಂತ ನೀವು ಕೇಳಬಹುದು. ಕಿವಿಯಲ್ಲಿ ಕೇಳಿದ್ದು ಬೇರೆ, ಕಣ್ಣಲ್ಲಿ ಕಂಡದ್ದು ಬೇರೆ. ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆ ಕಡಿದು ಗಣಪತಿಗೆ ಅಂಟಿಸಿದರು ಅಂತ ನಮ್ಮಜ್ಜಿ ಹೇಳಿ ಹೇಳಿ ಬೆಳೆಸಿದ್ದಳು. ಆನೆಗೇ ಆ ಗತಿಯಾದರೆ ಕೆ.ಆರ್. ನಗರದ ಪಾಡೇನು? ಅದೂ ಈ ಹುಡುಗಿಯ ಅನ್ನದ ಪ್ರಶ್ನೆ ಇರುವ ದಿನ. ಡಸ್ಟರು ತೆಗೆದೆ, ಭೂಪಟ ಹಿಡಿದು ತಿರುಗಿಸಿದೆ, ತಲೆಯನ್ನು ಮೂಡಲಿಗೆ ಮಾಡಿ ಮತ್ತೆ ಡಸ್ಟರು ಇಟ್ಟೆ. ಅವಳಿಗೆ ಉಪಕಾರ ಮಾಡಿದೆನೆಂಬ ಸಂತೋಷದಲ್ಲಿ ಆವತ್ತು ಬೆಂಚಿನ ಕೆಳಗೂ ಗುಡಿಸಿದೆ.

ಬೆಲ್ಲು ಹೊಡೆಯಿತು. ಹೆಡ್‌ಮಿಸ್ ಬಂದು ರೈಲುಕಂಬಿಯ ಕಡೆಯ ಕಿಟಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರು. ಮಕ್ಕಳು ಭೂಪಟದ ಸುತ್ತ ನಿಂತರು. ನಾಗವೇಣಿ ಮಿಸ್ ಕಣ್ಣೆಲ್ಲ ಹೆಡ್‌ಮಿಸ್ ಮೇಲಿತ್ತು, ಇಟ್ಟದ್ದು ಇಟ್ಟ ಹಾಗೇ ಇದೆಯೆಂದು ನಂಬಿ ಶುರು ಮಾಡಿದಳು.

"ಮ್ಯಾಪಿನ ತಲೆ ಯಾವ ಕಡೆಗಿದೆ ನೋಡಿ. ಅದೇ ಉತ್ತರ. ಎಲ್ಲರೂ ಆ ಕಡೆ ತಿರುಗಿ. ಏನು ಕಾಣುತ್ತೆ?"

"ಬೆಟ್ಟಾ ಮಿಸ್" ಅಂತ ನಲವತ್ತು ಬಾಯಿ ಒಟ್ಟಿಗೆ ಅಂದವು.

ಚಾಮುಂಡಿ ಬೆಟ್ಟ ರಾತ್ರೋರಾತ್ರಿ ಉತ್ತರಕ್ಕೆ ಹೋಗಿ ಕೂತಿತ್ತು. ಮಿಸ್ ಸುಧಾರಿಸಿಕೊಳ್ಳಲು, "ನಂಜನಗೂಡು ಯಾವ ಕಡೆ ಬರುತ್ತೆ, ರೂಪಾ ತೋರಿಸು" ಅಂದಳು. ರೂಪ ಅನ್ನುವ ಹುಡುಗಿ ಭೂಪಟದ ಮೇಲೆ ಮೈಸೂರಿನಿಂದ ನಂಜನಗೂಡಿಗೆ ಬೆರಳು ಎಳೆದು, ಬೆರಳು ಹೋದ ಕಡೆಗೇ ಕಣ್ಣು ಎತ್ತಿದಳು. ಅಲ್ಲಿ ಹೆಡ್‌ಮಿಸ್ ಇದ್ದರು. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ನಂಜನಗೂಡಿನ ರೈಲು ದಕ್ಷಿಣಕ್ಕೆ ಕೂಗಿಕೊಂಡು ಹೋಯಿತು.

"ಮಿಸ್, ರೈಲು ಅತ್ಲಾಗೆ ಹೋಯ್ತು. ನಮ್ಮಜ್ಜಿ ಊರ್ಗೆ ನಾವು ಅದ್ರಲ್ಲೇ ಹೋಗೋದು" ಅಂದಳು ರೂಪ. "ಇದ್ರಲ್ಲಿ ನೋಡಿದ್ರೆ ನಂಜನಗೂಡು ಹೆಡ್‌ಮಿಸ್ ಮೇಲೆ ಐತೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಹೆಡ್‌ಮಿಸ್ ಪುಸ್ತಕ ತೆರೆದು ಏನೋ ಬರೆದುಕೊಂಡರು. ನಾಗವೇಣಿ ಮಿಸ್ ಭೂಪಟ ನೋಡುತ್ತಾಳೆ, ಬೆಟ್ಟ ನೋಡುತ್ತಾಳೆ, ತಾನು ಕಲಿತದ್ದೆಲ್ಲ ಸುಳ್ಳಾಯಿತೇನೋ ಅನ್ನುವ ಹಾಗೆ ನಿಂತಿದ್ದಾಳೆ.

ನಾನು ಬಾಗಿಲಲ್ಲಿದ್ದೆ. ತಕ್ಷಣ ಹೇಳಿಬಿಟ್ಟೆ ಅಂದರೆ ಸುಳ್ಳಾಗುತ್ತದೆ. ನನ್ನ ಕೆಲಸವೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ರೈಲಿನ ಸದ್ದು ಪೂರಾ ನಿಲ್ಲುವವರೆಗೂ ಯೋಚನೆ ಮಾಡಿದೆ. ಆಮೇಲೆ ಬಾಯಿ ಬಿಟ್ಟೆ.

"ಅದು ನಾನು ತಿರುಗ್ಸಿದ್ದು. ಮಿಸ್ಸು ಸರ್ಯಾಗೇ ಆಸಿದ್ರು."

"ನೀವು ಯಾಕ್ರೀ ಮುಟ್ಟಿದ್ರಿ?" ಅಂದರು ಹೆಡ್‌ಮಿಸ್.

"ಬಡಗ್ಲಿಗೆ ತಲೆ ಇತ್ತು ಮೇಡಂ. ಬಡಗ್ಲಿಗೆ ತಲೆ ಆಕ್ಬಾರ್ದಲ್ವಾ, ಅದ್ಕೆ."

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ. ಬೈಗುಳ ಬರಲಿಲ್ಲ. ಹೆಡ್‌ಮಿಸ್ ಪೆನ್ನಿನ ಮುಚ್ಚಳ ಹಾಕಿ ಗಂಭೀರವಾಗಿ ಅಂದರು: "ಆಯಮ್ಮ ಹೇಳೋದ್ರಲ್ಲಿ ಅರ್ಥ ಇದೆ ಕಣ್ರೀ ನಾಗವೇಣಿ. ಉತ್ತರಕ್ಕೆ ತಲೆ ಮಾಡಿ ನೆಲದ ಮೇಲೆ ಹಾಕೋದೇ? ಮಕ್ಕಳ ಮನೆಯವರು ಕೇಳಿದ್ರೆ ಏನಂದ್ಕೊಳ್ತಾರೆ? ಸುಮ್ನೆ ಗೋಡೆಗೆ ನೇತುಹಾಕಿ ಪಾಠ ಮಾಡಿ."

ನನ್ನ ಮಾತಿಗೆ ಹುಟ್ಟಿದಾಗಿನಿಂದ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಗಂಡ ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ, ಎರಡು ಎಂ.ಎ. ಕೇಳಿತು. ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ನಾನು ನಂಬುವುದನ್ನೇ ಇವರೂ ನಂಬುವುದಾದರೆ ಇವರು ಅಷ್ಟು ವರ್ಷ ಎಲ್ಲಿಗೆ ಹೋಗಿ ಏನು ಕಲಿತು ಬಂದರು?

"ಮೇಡಂ," ಅಂದೆ, "ನಾನು ನಾಲ್ಕನೇ ಕ್ಲಾಸು. ನನ್ ಮಾತು ಕೇಳ್ಕೊಂಡು ಇಸ್ಕೂಲು ನಡ್ಸೋದಾದ್ರೆ ಈ ಮಕ್ಕಳು ನಮ್ಮನೆ ಜಗ್ಲಿ ಮೇಲೇ ಕೂತಿರ್ಬೋದಾಗಿತ್ತು. ಫೀಸೂ ಉಳೀತಿತ್ತು."

ಬಕೆಟ್ಟು ಕೆಳಗಿಟ್ಟು ಒಳಗೆ ಹೋದೆ. ಡಸ್ಟರು ತೆಗೆದು, ಅಜ್ಜಿಯ ನೆನಪನ್ನು ಪಕ್ಕಕ್ಕಿಟ್ಟು, ನನ್ನ ಕೈಯಾರೆ ಜಿಲ್ಲೆಯ ತಲೆಯನ್ನು ನೀರಿನ ಟ್ಯಾಂಕಿನ ಕಡೆಗೆ ತಿರುಗಿಸಿದೆ. ಆಗ ಕಂಡಿತು. ಕಪಿಲೆ ಹತ್ತುತ್ತಿರಲಿಲ್ಲ. ನಾನು ಎಮ್ಮೆ ತೊಳೆಯುತ್ತಿದ್ದಾಗ ಹೇಗೆ ಹೋಗುತ್ತಿದ್ದಳೋ ಹಾಗೆ ನೆಲಕ್ಕೆ ಮೈ ಚೆಲ್ಲಿ ನರಸೀಪುರದ ಕಡೆ ಹೋಗುತ್ತಿದ್ದಳು. ಅಚ್ಚು ಹಾಕಿದವರು ಸುಳ್ಳು ಹೇಳಿರಲಿಲ್ಲ, ಮೊಳೆ ಹೊಡೆದವರು ಹೇಳಿದ್ದರು. ನಾನು ಎಷ್ಟು ಹೊತ್ತು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆನೋ, ಮಿಸ್ ಮೆಲ್ಲಗೆ "ಎದ್ದೇಳಿ ಆಯಮ್ಮ" ಅಂದಳು. ಆಮೇಲೆ ಮಕ್ಕಳ ಕಡೆ ತಿರುಗಿ, "ಈಗ ನಂಜನಗೂಡು ತೋರಿಸು ರೂಪಾ" ಅಂದಳು. ನಲವತ್ತು ಕೈ ರೈಲು ಹೋದ ಕಡೆಗೆ ಎದ್ದವು. ಹುಣಸೂರು ಎಲ್ಲಿ, ಇಲವಾಲ ಎಲ್ಲಿ ಅಂತ ಮಿಸ್ ಕೇಳದಿದ್ದರೂ ಮಕ್ಕಳು ತೋರಿಸತೊಡಗಿದವು. ಸೂರನ್ನು ಯಾರೂ ನೋಡಲಿಲ್ಲ.

ಪಾಠ ಗೆದ್ದಿತು, ಮಿಸ್ ಗೆಲ್ಲಲಿಲ್ಲ. ಮಾರ್ಚಿನಲ್ಲಿ ಅವಳನ್ನು ಕಳಿಸಿದರು. ಕ್ಲಾಸಿನಲ್ಲಿ ಶಿಸ್ತಿಲ್ಲ, ಪಾಠದ ನಡುವೆ ಆಯಾಗಳು ಮಾತಾಡುತ್ತಾರೆ, ಅನ್ನುವುದು ಕಾರಣ. ಮಾತಾಡಿದ ಆಯಾಳನ್ನು ಇಟ್ಟುಕೊಂಡರು. ಡಿಗ್ರಿ ಮಾಡಿದವರು ಬೇಕಾದಷ್ಟು ಸಿಗುತ್ತಾರೆ, ಹನ್ನೊಂದು ಕೋಣೆ ಗುಡಿಸುವವರು ಸಿಗುವುದಿಲ್ಲ.

ಮನೆಯಲ್ಲಿ ಹೇಳಿದೆ. "ನಿನ್ ತಪ್ಪೇನಿಲ್ಲ ಬುಡವ್ವ, ಒಪ್ಕೊಂಡ್ಯಲ್ಲ. ಅವಳ ಅಣೇಬರ" ಅಂದಳು ಮಗಳು. ಬೀದಿಯವರೂ ಹಾಗೇ ಅಂದರು. ಓದಿನಲ್ಲಿ ಒಂದು ಸರ್ಟಿಫಿಕೇಟೂ ಸಿಗದ ನನಗೆ ಒಳ್ಳೆಯವಳು ಅಂತ ಎಲ್ಲರೂ ಕೊಡುವವರೇ. ಜೂನ್‌ನಲ್ಲಿ ಹೊಸ ಮಿಸ್ ಬಂದಳು. ಭೂಪಟ ಮತ್ತೆ ಮೊಳೆಗೆ ಏರಿತು, ಹೊಸ ಮಕ್ಕಳ ಉತ್ತರ ಮತ್ತೆ ಸೂರಿಗೆ ಏರಿತು. ನನಗೆ ಸಹಿಸಲಾಗಲಿಲ್ಲ. ಊಟದ ಬೆಲ್ಲಿನಲ್ಲಿ, ಟೀಚರುಗಳೆಲ್ಲ ಡಬ್ಬಿ ಬಿಚ್ಚಿ ಕೂತಾಗ, ಭೂಪಟ ಇಳಿಸಿ ನೆಲಕ್ಕೆ ಹಾಸಿ, ಪೊರಕೆಯ ಹಿಡಿಯಲ್ಲಿ ಊರು ತೋರಿಸುತ್ತಿದ್ದೆ. ಬೆಲ್ಲು ಹೊಡೆಯುವ ಮುಂಚೆ ಮತ್ತೆ ಮೊಳೆಗೆ. ಮಂಡಿ ಕೈಕೊಡುವವರೆಗೂ ಮೂರು ವರ್ಷ ಇದು ನಡೆಯಿತು. ಕದ್ದು ಬೆಲ್ಲ ತಿನ್ನುವವರಿದ್ದಾರೆ, ನಾನು ಕದ್ದು ಭೂಗೋಳ ಹೇಳಿಕೊಟ್ಟೆ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಮಾಡಿರಲಿಲ್ಲ. ಆ ಹುಡುಗಿಗೆ ಏನೂ ಹೇಳಿರಲಿಲ್ಲ. ಮೊನ್ನೆ ಅವರೆಕಾಯಿ ಅರ್ಧಕ್ಕೇ ಬಿಟ್ಟು, ಹಳೆಯ ನಂಬರು ಹುಡುಕಿಸಿ ಫೋನು ಮಾಡಿಸಿದೆ.

"ಮಿಸ್, ನಾನು ರೈಲುಕಂಬಿ ಇಸ್ಕೂಲಿನ ಆಯಮ್ಮ."

"ಮ್ಯಾಪ್ ತಿರುಗಿಸಿದ ಆಯಮ್ಮ" ಅಂದಳು.

"ಊಂ. ನನ್ನಿಂದ ನಿಮ್ ಕೆಲ್ಸ ಹೋಯ್ತು. ಅದ್ನ ಏಳಾನ ಅಂತ ಮಾಡ್ದೆ."

ಅಯ್ಯೋ ಹಾಗೆಲ್ಲ ಏನಿಲ್ಲ ಬಿಡಿ ಅನ್ನುತ್ತಾಳೆಂದು ಕಾದೆ.

"ಹೌದು ಆಯಮ್ಮ, ನಿಮ್ಮಿಂದಾನೇ ಹೋಯ್ತು. ಎರಡು ವರ್ಷ ಹೆಬ್ಬಾಳದಲ್ಲಿ ಡಬ್ಬಕ್ಕೆ ಲೇಬಲ್ ಅಂಟಿಸ್ದೆ. ಶಿಫ್ಟ್ ಬಸ್ಸಲ್ಲಿ ನಿಂತ್ಕೊಂಡು ನಿಮಗೆ ದಿನಾ ಶಾಪ ಹಾಕ್ತಿದ್ದೆ."

"ಅದ್ಕೇ ಅನ್ನಿ ನನ್ ಮಂಡಿ ಇಂಗಾಗಿರಾದು."

ಅವಳು ನಕ್ಕಳು. ಇಷ್ಟು ವರ್ಷದಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ, ಕಾಲು ನೀಡಿ ಕೂತು ಕೇಳಿದೆ. ಈಗ ಇಲವಾಲದ ಹತ್ತಿರವೇ ಒಂದು ಶಾಲೆಯಲ್ಲಿದ್ದಾಳೆ, ಖಾಯಂ ಆಗಿದೆ. ಶಾಲೆಯ ಅಂಗಳದಲ್ಲಿ ನೆಲದ ಮೇಲೇ ಬಣ್ಣದಲ್ಲಿ ಜಿಲ್ಲೆಯ ಭೂಪಟ ಬರೆಸಲು ಹೊರಟಿದ್ದಾಳೆ. ಸುಣ್ಣದ ಗೆರೆ ಎಳೆದದ್ದೂ ಆಗಿದೆ. ಆದರೆ ಶಾಲೆಯ ಪಕ್ಕದ ಮನೆಯ ಅಜ್ಜಿಯೊಬ್ಬಳು ಬಂದು, ಉತ್ತರಕ್ಕೆ ತಲೆ ಮಾಡಿ ಬರೆದರೆ ಊರಿಗೆ ಆಗಿಬರುವುದಿಲ್ಲವೆಂದು ಗೆರೆಯ ಮೇಲೇ ಕೂತುಬಿಟ್ಟಿದ್ದಾಳಂತೆ. ದಿನಾ ಬಂದು ಕೂರುತ್ತಾಳಂತೆ, ಎಲೆಅಡಿಕೆ ಸಮೇತ.

"ನಾನು ಹೇಳಿದ್ರೆ ಓದಿದ ಸೊಕ್ಕು ಅಂತಾರೆ. ನೀವು ಒಂದ್ಸಲ ಬನ್ನಿ ಆಯಮ್ಮ. ನಿಮ್ದು ಬಾಕಿ ಇದೆ."

ಶನಿವಾರ ಬೆಳಿಗ್ಗೆ ಇಲವಾಲದ ಬಸ್ಸಿಗೆ ಹೋಗುತ್ತಿದ್ದೇನೆ. ಹೊರಡುವ ಮುಂಚೆ ಎದುರಾಳಿಯನ್ನು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ, ಆ ಅಜ್ಜಿ ಎಷ್ಟು ಓದಿದ್ದಾಳೆಂದು ಕೇಳಿದೆ. ಮೂರನೇ ಕ್ಲಾಸಂತೆ. ನಾನು ಒಂದು ಕ್ಲಾಸು ಮುಂದಿದ್ದೇನೆ.