ಪ್ಯಾಟ್ರಿಶಿಯಾ ಬಾಯಿ ಮತ್ತು ಜೇಸನ್‌ನ ಕಾರ್ಡು

“ನನಗೆ ಈ ಬಿಲ್ಡಿಂಗಿನಲ್ಲಿ ಕಸ್ಟಮ್ಸ್ ಬಾಯಿ ಅಂತ ಹೆಸರಿಟ್ಟಿದ್ದಾರೆ, ನನಗೆ ಗೊತ್ತುಂಟು. ಹೇಳ್ಲಿ ಬಿಡಿ. ನಮ್ಮವರದ್ದು ಒಂದು ಕ್ರಮ ಉಂಟಲ್ಲ ಸಕೀನಕ್ಕ, ಯಾರಾದ್ರೂ ವಿಮಾನ ಹತ್ತುತ್ತಾರೆ ಅಂತ ಗೊತ್ತಾದ್ರೆ ಸಾಕು, ಒಂದೊಂದು ಕಟ್ಟು ಹಿಡ್ಕೊಂಡು ಬಾಗಿಲಿಗೆ ಬಂದು ನಿಲ್ತಾರೆ. ಉಪ್ಪಿನಕಾಯಿ, ಒಣಮೀನು, ಅಜ್ಜಿಯ ಮಂಡಿನೋವಿಗೆ ಮಾತ್ರೆ. ಬೇಡ ಅಂದ್ರೆ ನಾವು ಕೆಟ್ಟವರು. ಎದುರಿಗೇ ಬಿಚ್ಚಿದ್ರೆ ಅವರಿಗೆ ಅವಮಾನ. ನಾನು ಆಸ್ಪತ್ರೆಯ ಮದ್ದಿನ ಸ್ಟೋರಲ್ಲಿ ಇಪ್ಪತ್ತಾರು ವರ್ಷ ಪೆಟ್ಟಿಗೆ ಬಿಚ್ಚಿದವಳು. ಕಾಗದದಲ್ಲಿ ಎಂತ ಬರ್ದುಂಟು, ಪೆಟ್ಟಿಗೆಯಲ್ಲಿ ಎಂತ ಉಂಟು, ಎರಡೂ ಒಂದೇ ಆಗ್ಬೇಕು. ಇಲ್ಲದಿದ್ರೆ ಒಳಗೆ ಬಿಡ್ತಿರ್ಲಿಲ್ಲ. ಊರಿನ ಮೆಡಿಕಲಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆ ಇಲ್ಲಿ ಏರ್‌ಪೋರ್ಟಲ್ಲಿ ಸಿಕ್ಕಿಬಿದ್ರೆ, ಬಿಡಿಸ್ಲಿಕ್ಕೆ ಯಾವ ಅಜ್ಜಿಯೂ ಬರುವುದಿಲ್ಲ. ಅದಕ್ಕೆ ನಾನು ಚೂರಿ ಹಾಕಿ ಬಿಚ್ಚುವವಳೇ. ಸಿಟ್ಟು ಮಾಡುವವರು ಮಾಡ್ಲಿ.”

ದುಬೈಯ ಅಲ್ ನಹ್ದಾದ ನಮ್ಮ ಆರನೆಯ ಮಾಳಿಗೆಯಲ್ಲಿ, ನನ್ನ ಮಗ ಫಾರಿಸ್‌ನ ಫ್ಲ್ಯಾಟಿನ ಎದುರು ಬಾಗಿಲು, ನನಗೆ ಹೀಗೆ ಹೇಳಿದ ಪ್ಯಾಟ್ರಿಶಿಯಾ ಬಾಯಿಯವರದು. ಅಲ್ ಐನ್‌ನ ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಅವರು ಹೋಟೆಲಿನಲ್ಲಿ ಕೆಲಸ ಮಾಡುವ ಮಗಳು ಲವಿನಾಳ ಜತೆ ಇಲ್ಲಿಗೆ ಬಂದರು. ಕುಳ್ಳಗಿನ ಹೆಂಗಸು, ಕೊರಳಲ್ಲಿ ಸಣ್ಣ ಶಿಲುಬೆ, ಅದರ ಜತೆಗೇ ದಾರದಲ್ಲಿ ನೇತಾಡುವ ಕನ್ನಡಕ. ಊರಿಗೆ ಹೋಗುವವರೂ ಬರುವವರೂ ಅವರ ಅಡುಗೆಮನೆಯ ಮೇಜನ್ನು ದಾಟಿಯೇ ಹೋಗಬೇಕು. ಒಮ್ಮೆ ನನ್ನ ಸೊಸೆ ಜಸೀನಾ ತಂದ ತವರುಮನೆಯ ಹಲ್ವಾವನ್ನೂ ನಡುವೆ ಕತ್ತರಿಸಿ ನೋಡಿದ್ದರು. ನೋಡಿದ ಮೇಲೆ ಒಂದು ತುಂಡು ತಿಂದು, “ಪಾಸ್” ಎಂದರು.

ಅವರಿಗೆ ಜೀವದಂತಿದ್ದವನು ಜೇಸನ್, ತಂಗಿಯ ಮಗ. ತಾಯಿ ತೀರಿಕೊಂಡಾಗ ಅವನಿಗೆ ಏಳು ವರ್ಷ. ಅಲ್ ಐನ್‌ನ ಎರಡು ಕೋಣೆಯ ಮನೆಯಲ್ಲಿ ಲವಿನಾಳ ಜತೆಗೇ ಅವನನ್ನೂ ಸಾಕಿದರು. ಈಗ ಅವನು ಅಮೆರಿಕದ ಮಿಶಿಗನ್ ಎಂಬಲ್ಲಿ ಗೋದಾಮಿನಲ್ಲಿ ಲಾರಿಗೆ ಸಾಮಾನು ತುಂಬಿಸುತ್ತಾನೆ. ಮೂರು ವರ್ಷದ ಹಿಂದೆ ಲಾರಿಗೆ ಸಾಮಾನು ಏರಿಸುವ ಕಟ್ಟೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಬಾಯಿಗೆ ಎದೆಯ ತೊಂದರೆ, ದೂರದ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಇಬ್ಬರೂ ಮುಖ ನೋಡಿ ಎಂಟು ವರ್ಷವಾಗಿತ್ತು. ಕೊನೆಗೆ ಅಕ್ಟೋಬರದಲ್ಲಿ ತಾನೇ ಬರುತ್ತೇನೆಂದು ಅವನು ಟಿಕೇಟು ತೆಗೆದ. ಅಂದಿನಿಂದ ಬಾಯಿ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಗ್ಯಾಸ್ ತರುವ ಪಠಾಣನಿಗೂ ಹೇಳಿದರು.

ಜೇಸನ್ ಹೊರಡಲು ಹತ್ತು ದಿನ ಇರುವಾಗ ಬೆಳಿಗ್ಗೆ ಅವನ ವಿಡಿಯೊ ಕಾಲ್ ಬಂತು. ನಾನು ಬಾಯಿಯವರ ಅಡುಗೆಮನೆಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಅವರ ಕೊಂಕಣಿ ನನಗೆ ತಿಳಿಯುತ್ತದೆ; ದೊಡ್ಡಮ್ಮನನ್ನು ಅವನು ಮಾವ್ಶಿ ಎನ್ನುತ್ತಾನೆ.

“ಬ್ಯಾಗಲ್ಲಿ ಎಂತೆಲ್ಲ ಹಾಕಿದ್ದಿ ಪುತಾ? ಒಂದೊಂದೇ ಹೇಳು.”

“ಶುರುವಾಯ್ತು ಕಸ್ಟಮ್ಸ್! ಅಂಗಿ, ಪ್ಯಾಂಟು, ಲವಿನಾಗೆ ಸೆಂಟು, ನಿಮಗೆ ಸ್ವೆಟರು.”

“ದುಬೈಯಲ್ಲಿ ಸ್ವೆಟರು ಹಾಕಿ ನಾನು ಎಂತ ಫ್ರಿಜ್ಜಿನೊಳಗೆ ಕೂರುವುದಾ? ಮದ್ದು?”

“ನನ್ನ ಎಣ್ಣೆಯ ಬಾಟ್ಲಿ ಉಂಟಲ್ಲ ಮಾವ್ಶಿ. ನಾಲಗೆಯಡಿಗೆ ನಾಲ್ಕು ತೊಟ್ಟು ಹಾಕುವುದು. ಅದಿಲ್ಲದೆ ನಿದ್ದೆ ಇಲ್ಲ.”

“ಯಾವುದರ ಎಣ್ಣೆ?”

ಅವನು ನಗುತ್ತ ಒಂದು ಕಾರ್ಡನ್ನು ಫೋನಿಗೆ ಹಿಡಿದ. ಅದರಲ್ಲಿ ಅವನ ಹೆಸರು, ಸರಕಾರದ ಗುರುತು. “ಗಾಂಜಾದ್ದು. ಹೆದರ್ಬೇಡಿ, ಸೇದುವುದಲ್ಲ, ಮದ್ದು. ಇಲ್ಲಿ ರಾಜ್ಯ ಸರಕಾರವೇ ಕಾರ್ಡು ಕೊಡ್ತದೆ.”

ಬಾಯಿಯ ಕೈ ಶಿಲುಬೆಗೆ ಹೋಯಿತು. ಆದರೆ ಬಯ್ಯಲಿಲ್ಲ. “ನಿನ್ನ ನೋವು ಕಡಿಮೆ ಆಗ್ತದಾ?” ಎಂದು ಕೇಳಿದರು.

ಆಗ್ತದೆ ಎಂದ. ಆ ಕಾರ್ಡಿಗಾಗಿ ಅವನು ಪಟ್ಟದ್ದನ್ನೂ ಹೇಳಿದ. ಡಾಕ್ಟರಿಗೆ ನೂರೈವತ್ತು ಡಾಲರ್, ಸರಕಾರಕ್ಕೆ ಬೇರೆ. ಅವಧಿ ಮುಗಿದರೆ ಮತ್ತೆ ಅಷ್ಟೇ. ಬಾಟಲಿಗೆ ತಿಂಗಳು ತಿಂಗಳು ಎಪ್ಪತ್ತು, ಅದಕ್ಕೆ ಇನ್ಶೂರೆನ್ಸಿನವರು ಒಂದು ಕಾಸೂ ಕೊಡುವುದಿಲ್ಲ. ಗೋದಾಮಿನ ಮ್ಯಾನೇಜರಿಗೆ ಗೊತ್ತಾದರೆ ಏನು ಹೇಳುತ್ತಾನೋ ಎಂಬ ಹೆದರಿಕೆ ಬೇರೆ. “ಇಷ್ಟೆಲ್ಲ ಕೊಟ್ಟು ತಕೊಂಡ ಕಾರ್ಡು, ಅಲ್ಲಿಯೂ ತೋರಿಸ್ಬಹುದಲ್ಲ.”

“ನಿನ್ನ ಕಾರ್ಡು ಅಲ್ಲಿಯದ್ದು. ಅದನ್ನು ಇಲ್ಲಿ ತೋರಿಸಿದ್ರೆ ನೀನೇ ಕೈ ಕೊಟ್ಟು ಬೇಡಿ ಹಾಕಿಸಿಕೊಂಡ ಹಾಗೆ. ಬಾಟ್ಲಿ ಮಾತ್ರ ಅಲ್ಲ, ಮೈಯೊಳಗೆ ಇದ್ರೂ ತೊಂದರೆ ಆಗ್ಬಹುದು.”

“ಹಾಗಾದ್ರೆ ಹೇಗೆ ಬರ್ಲಿ? ಹದಿನಾಲ್ಕು ಗಂಟೆ ಕೂತು ಬರ್ಬೇಕು ನಾನು!”

“ಬರ್ಬೇಡ.”

ನನ್ನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು.

“ಎಂಟು ವರ್ಷದಿಂದ ಬಾ ಬಾ ಅಂತ ಹೇಳಿದ್ದು ಯಾರು ಮಾವ್ಶಿ?”

“ನಾನೇ. ಈಗ ಬರ್ಬೇಡ ಅಂತ ಹೇಳುವುದೂ ನಾನೇ. ಖಲಾಸ್.”

ಅವನು ಫೋನು ಇಟ್ಟುಬಿಟ್ಟ. ಬಾಯಿ ನನ್ನ ಮುಂದಿನ ಸೊಪ್ಪನ್ನು ಎಳೆದುಕೊಂಡು, ಎಲೆಯನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕತೊಡಗಿದರು. ನಾನು ಕಸದಿಂದ ಎಲೆಗಳನ್ನು ಹೆಕ್ಕಿ ಪಾತ್ರೆಗೆ ಹಾಕುತ್ತ ಹೋದೆ.

ನಾಲ್ಕು ದಿನ ಅವನ ಫೋನಿಲ್ಲ. ಬಾಯಿ ಲಿಫ್ಟಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಐದನೆಯ ದಿನ ಅವರೇ ಫೋನು ಮಾಡಿದರು. ಅತ್ತುಕೊಂಡು ಮಾತಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ಮಾತಾಡಿದ್ದು ಸ್ಟೋರಿನಲ್ಲಿ ಮಾತಾಡುವ ಹಾಗೆ.

“ಪೆನ್ನು ತಕೋ. ನಿನ್ನ ಡಾಕ್ಟರ ಹತ್ರ ಹೋಗು. ನನ್ನ ಮಾವ್ಶಿಯನ್ನು ನೋಡ್ಲಿಕ್ಕೆ ಇಂಥಾ ದೇಶಕ್ಕೆ ಹೋಗ್ಲಿಕ್ಕುಂಟು, ಈ ಎಣ್ಣೆ ಎಷ್ಟು ಮೊದಲು ಬಿಡ್ಬೇಕು, ಬದಲಿಗೆ ಎಂತ ಕೊಡ್ತೀರಿ ಅಂತ ಕೇಳು. ಆ ಬದಲಿ ಮಾತ್ರೆಗೂ ಇಲ್ಲಿಯ ಅನುಮತಿ ಬೇಕಾಗ್ಬಹುದು. ಚೀಟಿ, ಡಾಕ್ಟರ ಪತ್ರ, ಪಾಸ್‌ಪೋರ್ಟ್ ಕಾಪಿ ಕಳಿಸು. ಕಾಗದ ಬಂದ ಮೇಲೆ ಟಿಕೇಟು.”

“ಈ ಟಿಕೇಟು ಹಾಳಾಗ್ತದೆ.”

“ಆಗ್ಲಿ. ನೀನು ಹಾಳಾಗ್ಬಾರ್ದು.”

ಅತ್ತ ಜೇಸನ್ ಡ್ರಾಯರು ಎಳೆದು ಹುಡುಕುವ ಸದ್ದು ಕೇಳಿತು. “ಪೆನ್ನು ಸಿಕ್ಕಿತು. ಮೊದಲಿಂದ ಹೇಳಿ.”

ಮುಂದಿನದು ಎರಡು ತಿಂಗಳ ಕೆಲಸ. ಲವಿನಾ ಡ್ಯೂಟಿ ಮುಗಿಸಿ ಬಂದು ಅದೇ ಮೇಜಿನಲ್ಲಿ ಆನ್‌ಲೈನ್ ಅರ್ಜಿ ತುಂಬುವಳು, ಬಾಯಿ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ನೋಡುವರು. ಡಾಕ್ಟರ ಪತ್ರಕ್ಕೆ ಮೊಹರಿಲ್ಲವೆಂದು ಒಮ್ಮೆ ಅವರೇ ತಿರುಗಿ ಕಳಿಸಿದರು. “ಮಮ್ಮಾ, ಗವರ್ನಮೆಂಟ್ ರಿಜೆಕ್ಟ್ ಮಾಡುವ ಮೊದಲೇ ನೀನೇ ರಿಜೆಕ್ಟ್ ಮಾಡ್ತಿಯಲ್ಲ!” ಎಂದು ಲವಿನಾ ತಲೆಯ ಮೇಲೆ ಕೈ ಇಟ್ಟಳು. ಅತ್ತ ಜೇಸನ್ ಎಣ್ಣೆ ಬಿಟ್ಟು ವಾರಗಟ್ಟಲೆ ನಿದ್ದೆಗೆಟ್ಟ. ಫೋನಿನಲ್ಲಿ ಅವನ ಕಣ್ಣು ಗುಳಿ ಬಿದ್ದದ್ದು ಕಾಣುತ್ತಿತ್ತು. ಬಾಯಿ ಏನೂ ಕೇಳುತ್ತಿರಲಿಲ್ಲ. ಅವನು ಚಿಕ್ಕಂದಿನಲ್ಲಿ ಅಲ್ ಐನ್‌ನ ಖರ್ಜೂರದ ಮರ ಹತ್ತಿ ಚಡ್ಡಿ ಹರಿದುಕೊಂಡ ಕಥೆಯನ್ನೇ ದಿನವೂ ಹೇಳಿ ನಗಿಸುವರು. ಫೋನು ಇಟ್ಟ ಮೇಲೆ ಬಾಲ್ಕನಿಗೆ ಹೋಗಿ ಒಣಗಿರದ ಬಟ್ಟೆಯನ್ನೇ ತೆಗೆದು ಮಡಚುವರು.

ಡಿಸೆಂಬರದ ಒಂದು ಶುಕ್ರವಾರ ಬೆಳಿಗ್ಗೆ ಅವನು ಬಂದ. ಬಾಗಿಲಲ್ಲಿ ಬಗ್ಗಿ ಅವರನ್ನು ಅಪ್ಪಲಾರದೆ, ಗೋಡೆ ಹಿಡಿದು ನೆಟ್ಟಗೆ ನಿಂತಿದ್ದ. ಬಾಯಿಯೇ ಸ್ಟೂಲು ತಂದು ಹತ್ತಿ ಅವನ ಹಣೆಗೆ ಮುತ್ತು ಕೊಟ್ಟರು. ಇಳಿದವರೇ, “ಬ್ಯಾಗು ಮೇಜಿನ ಮೇಲೆ,” ಎಂದರು.

ಬಟ್ಟೆ ಬಂತು, ಸೆಂಟು ಬಂತು, ಅನುಮತಿಯ ಕಾಗದ ಸುತ್ತಿದ್ದ ಮಾತ್ರೆಯ ಡಬ್ಬಿ ಬಂತು. ಅಡಿಯಲ್ಲಿ ಟೇಪು ಸುತ್ತಿದ ಒಂದು ಕಟ್ಟು.

“ಇದೆಂತ?”

“ಅದು ನಮ್ಮ ಗೋದಾಮಿನ ರಮೀಝ್ ಕೊಟ್ಟದ್ದು. ಶಾರ್ಜಾದಲ್ಲಿ ಅವನ ತಂಗಿ ಶೈಮಾಗೆ.”

“ಬಿಚ್ಚಿ ನೋಡಿದ್ದಿಯಾ?”

“ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಬಂದವನು ಅಲ್ಲಿಯೇ ಕೊಟ್ಟ ಮಾವ್ಶಿ. ಅವನ ಎದುರು ಹೇಗೆ...”

ಬಾಯಿ ಚೂರಿ ಹಾಕಿದರು. ಮಗುವಿನ ಎರಡು ಫ್ರಾಕು, ಒಂದು ಸಣ್ಣ ಶೀಶೆ. ಶೀಶೆಯ ತುಂಬ ಕೆಂಪು ಹಸಿರು ಜೆಲ್ಲಿ ಮಿಠಾಯಿ. ಜೇಸನ್‌ನ ಮುಖ ಬಿಳಿಚಿತು. ಗಾಂಜಾದ ಆ ಮದ್ದನ್ನು ಅವನ ಅಮೆರಿಕದ ಊರಿನಲ್ಲಿ ಇಂಥದೇ ಮಿಠಾಯಿ ಮಾಡಿಯೂ ಮಾರುತ್ತಾರಂತೆ. ಅವನು ಶೀಶೆ ಕಸಿದುಕೊಂಡು ಓದಿದ, ತಿರುಗಿಸಿ ಮತ್ತೆ ಓದಿದ.

“ವಿಟಮಿನ್. ಮಕ್ಕಳ ವಿಟಮಿನ್.” ಹಾಗೆಂದವನು ಮೆಲ್ಲನೆ ಗೋಡೆ ಹಿಡಿದು ಇಳಿದು ಅಡುಗೆಮನೆಯ ನೆಲದಲ್ಲೇ ಅಂಗಾತ ಮಲಗಿದ. “ನಿಮ್ಮ ಕಾಗದ ಹಿಡ್ಕೊಂಡು ಎರಡು ತಿಂಗಳು ಓಡಾಡಿದೆ. ಇದನ್ನು ಮಾತ್ರ...”

ಬಾಯಿಯೂ ಶೀಶೆಯನ್ನು ಕನ್ನಡಕಕ್ಕೆ ಹಿಡಿದು ಪೂರ್ತಿ ಓದಿದರು. ಬಯ್ಯುತ್ತಾರೆಂದು ನಾನು ಕಾದೆ. “ಪಾಸ್,” ಎಂದರು. ಒಳಗಿನಿಂದ ದಿಂಬು ತಂದು ಅವನ ಮಂಡಿಯಡಿಗೆ ಇಟ್ಟರು. “ನೆಲ ತಂಪುಂಟು, ಬೆನ್ನಿಗೆ ಒಳ್ಳೆದು. ಏಳ್ಬೇಡ.”

ಆಮೇಲೆ ಸಿಂಕಿನ ಹತ್ತಿರ ಸ್ಟೂಲು ಎಳೆದು ಕುಳಿತು, ಪಾತ್ರೆಯಲ್ಲಿದ್ದ ಬೂತಾಯಿ ಮೀನಿನ ತಲೆ ತೆಗೆಯಲು ಶುರು ಮಾಡಿದರು. ಒಂದು ಬಟ್ಟಲು ಬೆಳ್ಳುಳ್ಳಿಯನ್ನು ಜೇಸನ್‌ನ ಎದೆಯ ಮೇಲೆ ಇಟ್ಟರು. ಅವನು ಮಲಗಿದಲ್ಲಿಂದಲೇ ಒಂದೊಂದೇ ಎಸಳು ಎತ್ತಿ ಹಿಡಿದು, ಬೆಳಕಿಗೆ ನೋಡಿಕೊಂಡು, ಸಿಪ್ಪೆ ಸುಲಿಯತೊಡಗಿದ.