ಒರಲೆ ಹಿಡಿಯದ ನೆಲ

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನರಿಕೊಂಬಿನ ನಮ್ಮ ಮನೆಯೊಳಗೆ ನೆರೆ ಬಂದು ಮಣ್ಣಿನ ನೆಲ ಕರಗಿಹೋಯಿತು. ನೀರಿಳಿದ ಮೇಲೆ ನಮ್ಮ ಯಜಮಾನರು, ಕೆಡವಿ ಹಾಕಿದ್ದ ಹಳೆಯ ಗೋದಾಮಿನ ಜಾಗದಿಂದ ಗಾಡಿಯಲ್ಲಿ ಮಣ್ಣು ತರಿಸಿದರು. ಅಲ್ಲಿ ಮೊದಲು ಗೊಬ್ಬರ, ಬೆಳೆಯ ಹುಳಕ್ಕೆ ಹಾಕುವ ಪುಡಿ ಇಡುತ್ತಿದ್ದರಂತೆ. ಮರ ತಿನ್ನುವ ಒರಲೆ ಹುಳ ಆ ಮಣ್ಣನ್ನು ಮುಟ್ಟುವುದಿಲ್ಲವೆಂದು ಊರಿನಲ್ಲಿ ಅದಕ್ಕೆ ಬೇಡಿಕೆ.

ಅತ್ತೆ ಮೂಸಿ ನೋಡಿದರು. "ಒಂದು ನಮೂನೆ ವಾಸನೆ ಉಂಟು. ಒಣಗಿದರೆ ಹೋಗ್ತದೆ."

ಹಲಗೆಯಿಂದ ಬಡಿದು, ಸುಟ್ಟ ತೆಂಗಿನ ಗೆರಟೆಯ ಮಸಿಯನ್ನು ಸೆಗಣಿಗೆ ಕಲಸಿ ಸಾರಿಸಿ, ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಿದೆವು. ಮುಖ ಕಾಣುವಷ್ಟು ಮಿರುಗಿತು. ಅಂಬೆಗಾಲಿಡಲು ಕಲಿತಿದ್ದ ನನ್ನ ಮಗಳು ಅದರ ಮೇಲೆ ಅಂಗೈ ತಟ್ಟಿ, ಅದೇ ಅಂಗೈ ಚೀಪುತ್ತಿದ್ದಳು.

"ಬೆಲ್ಲ ಚೆಲ್ಲಿದರೂ ನಿಮ್ಮಲ್ಲಿ ಒಂದು ಇರುವೆ ಇಲ್ಲವಲ್ಲ, ಅತ್ತೆಗೆ ಹೆದರಿಯಾ?" ಎಂದು ಬೇಲಿಯಾಚೆಯ ಬ್ಯಾರಿ ಮನೆಯಾಕೆ ನನ್ನನ್ನು ಕೆಣಕುವಳು.

"ಇರುವೆಗಾದರೂ ಹೆದರಿಕೆ ಉಂಟು. ನಿನಗೆ ಅದೂ ಇಲ್ಲ, ದಿನಾ ಎಲೆಅಡಿಕೆಗೆ ಬರ್ತಿ," ಎಂದು ಒಳಗಿನಿಂದ ಅತ್ತೆ.

ಒಂದು ಬೆಳಿಗ್ಗೆ ಗಂಜಿ ಬಸಿಯುತ್ತಿದ್ದೆ. ತಿರುಗಿ ನೋಡಿದರೆ ಮಗು ನೆಲದ ಮೇಲೆ ಬಿಲ್ಲಿನಂತೆ ಬಾಗಿ ಸೆಟೆದಿದ್ದಾಳೆ. ಕಣ್ಣಾಲಿ ಮೇಲೆ ಸಿಕ್ಕಿಕೊಂಡಿದೆ. ಬಾಲಗ್ರಹ ಎಂದರು ಅತ್ತೆ. ಮಂತ್ರಿಸಿದ ನೂಲು ಕಟ್ಟಿಸಿದೆವು. ಮತ್ತೆ ಬಂತು, ಮತ್ತೆ ಮತ್ತೆ ಬಂತು. ಮೈಲಿಗೆ ಹೋಗಲೆಂದು ಪ್ರತಿ ಸಲವೂ ನೆಲ ಸಾರಿಸಿದೆವು. ನೀರು ತಾಗಿದ ಕೂಡಲೇ ಆ ಹಳೆಯ ವಾಸನೆ ಏಳುತ್ತಿತ್ತು. ತಂಪಾಗಲಿ ಎಂದು ಮಗುವನ್ನು ಆ ಒದ್ದೆಯ ಮೇಲೆಯೇ ಮಲಗಿಸುತ್ತಿದ್ದೆವು.

ಕೊನೆಗೆ ಬಸ್ಸು ಹತ್ತಿ ಮೂಡುಬಿದಿರೆಯ ಡಾಕ್ಟರಲ್ಲಿಗೆ ಹೋದೆವು. ಅವರು ಔಷಧಿ ಬರೆಯುತ್ತಾ ಕೇಳಿದರು, "ಇರುವೆಗೆ, ತಿಗಣೆಗೆ ಪುಡಿ ಗಿಡಿ ಹಾಕ್ತೀರಾ ಮನೆಯಲ್ಲಿ?"

"ನಮ್ಮಲ್ಲಿ ಇರುವೆಯೇ ಇಲ್ಲ ಡಾಕ್ಟ್ರೇ," ಎಂದೆ.

"ಒರಲೆಯೂ ಇಲ್ಲ. ಅಂಥಾ ನೆಲ," ಎಂದು ಅತ್ತೆ ಹೆಮ್ಮೆಯಿಂದ ಸೇರಿಸಿದರು.

ಡಾಕ್ಟರ ಪೆನ್ನು ನಿಂತಿತು. "ಎಲ್ಲಿಯ ಮಣ್ಣಮ್ಮಾ ಅದು?"

ಹೇಳಿದೆವು. ಅವರು ಕನ್ನಡಕ ತೆಗೆದರು. "ಹುಳವನ್ನು ಕೊಲ್ಲುವ ಮಣ್ಣು ಮಗುವನ್ನು ಬಿಡ್ತದಾ? ಅವಳನ್ನು ಇನ್ನು ಕೆಳಗೆ ಇಳಿಸಬೇಡಿ. ಆ ನೆಲ ಅಗೆದು ತೆಗೆಯಿರಿ."

"ತೆಗೆದರೆ ಗುಣ ಆಗ್ತದಾ?"

"ಮೊದಲು ತೆಗೆಯಿರಿ," ಎಂದರು, ಅಷ್ಟೇ.

ಮನೆಗೆ ಬಂದವರೇ ಅತ್ತೆ ಪಿಕ್ಕಾಸು ಹಿಡಿದು, ತಾವೇ ತಿಕ್ಕಿದ ನೆಲಕ್ಕೆ ಮೊದಲ ಪೆಟ್ಟು ಹಾಕಿದರು. ಇವರು ಬುಟ್ಟಿಗೆ ತುಂಬಿದರು. ತುಂಬಿ ಎಲ್ಲಿಗೆ ಹಾಕುವುದು? ಹೊಳೆಗೆ ಹಾಕಿದರೆ ಕೆಳಗಿನವರು ಕುಡಿಯುವ ನೀರು. ಹಿತ್ತಿಲಲ್ಲಿ ಬಸಳೆ ಚಪ್ಪರ. ಬೇಲಿಯ ಹತ್ತಿರ ಹೋದರೆ ಆ ಮನೆಯಾಕೆ ಓಡಿ ಬಂದಳು; ಈ ಸಲ ತಮಾಷೆ ಇರಲಿಲ್ಲ. "ಇಲ್ಲಿ ಬೇಡ ಅಕ್ಕಾ. ನಮ್ಮ ಮಕ್ಕಳು ಆಡುವ ಜಾಗ."

ಅಂಗಳದ ಮೂಲೆಯಲ್ಲೇ ರಾಶಿ ಹಾಕಿ ತೆಂಗಿನ ಮಡಲು ಮುಚ್ಚಿದೆವು. ಮಗುವನ್ನು ಹಳೆಯ ಸೀರೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡೇ ಅಡಿಗೆ ಮಾಡಿದೆ. ಇಳಿಯಬೇಕೆಂದು ಅವಳು ಕೊಸರಿ ಅಳುವಳು. ಔಷಧಿ ಕುಡಿಸುತ್ತಿದ್ದರೂ ಸೆಟೆತ ನಿಲ್ಲಲಿಲ್ಲ.

ಮೊದಲ ಮಳೆ ಬಿದ್ದಾಗ ಮಡಲಿನ ಅಡಿಯಿಂದ ಕೆಂಪು ನೀರು ಬಾವಿಯ ಕಡೆಗೆ ಹರಿಯಿತು. ಇವರು ನೆನೆಯುತ್ತಾ ಓಡಿ, ಬೇಲಿಯ ಕಡೆಗೆ ನೀರು ಹೋಗಲು ಕಣಿ ಕಡಿದರು.

"ಆ ಕಡೆ ಬಿಡಬೇಡ ಮಗಾ, ಅವರ ಮಕ್ಕಳು ಉಂಟು!" ಎಂದು ಅತ್ತೆ ಜಗಲಿಯಿಂದ ಕೂಗಿದರು.

"ಮತ್ತೆ ಎತ್ತ ಬಿಡುವುದಮ್ಮಾ?"

ನನ್ನ ಸೊಂಟದಲ್ಲಿ ಮಗುವಿನ ಕಾಲು ಸೆಟೆಯತೊಡಗಿತ್ತು.